ಬಲಗೈ ಎಲ್ಲಿತ್ತು?

ಜನವರಿ 9

ಅಕ್ಕ,

ನನ್ನ ಕೆಮ್ಮು ಹೋಯಿತು, ಇನ್ನು ಆ ಕಷಾಯದ ಪುಡಿ ಕಳಿಸಬೇಡ. ಸ್ವೆಟರ್ ಬಂತು. ತೋಳು ಉದ್ದವಾಗಿದೆ, ಮಡಿಚಿ ಹಾಕಿಕೊಳ್ಳುತ್ತೇನೆ. ಟೈಲರ್ ಅಕ್ಕನ ತಮ್ಮನಿಗೇ ಅಳತೆ ತಪ್ಪಿತಲ್ಲ ಅಂತ ಬ್ಯಾರಕ್ಕಿನಲ್ಲಿ ಎಲ್ಲರಿಗೂ ನಗು. ನಗಲಿ ಬಿಡು, ಇಲ್ಲಿ ನಗೋಕೆ ಬೇರೆ ಏನಿದೆ?

ಹೊಸ ಸುದ್ದಿ ಏನೆಂದರೆ ನಾನು ಚೆಸ್ ಕಲಿಯುತ್ತಿದ್ದೇನೆ. ಬುದ್ಧಿ ಬೆಳೆಯಲಿ ಅಂತ ಸೇರಿದ್ದಲ್ಲ. ತರಗತಿ ನಡೆಯುವುದು ಪುಸ್ತಕದ ಕೋಣೆಯಲ್ಲಿ, ಅಲ್ಲಿ ಕಿಟಕಿಯಿಂದ ಒಳ್ಳೆ ಬಿಸಿಲು ಬೀಳುತ್ತದೆ, ಬೆನ್ನು ಕಾಯಿಸಬಹುದು ಅಂತ ಸೇರಿದೆ. ಕಲಿಸಲು ಹೊರಗಿನಿಂದ ಒಬ್ಬ ವಯಸ್ಸಾದವರು ಬರುತ್ತಾರೆ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ಅದಕ್ಕೇ ಅವರು ರೇಡಿಯೋ ಮೇಷ್ಟ್ರು. ಹೆಸರಿಗಷ್ಟೇ ರೇಡಿಯೋ, ಬಾಯಿ ಬಿಡುವುದೇ ಅಪರೂಪ.

ನನಗೆ ಜೋಡಿ ಸೋಡಾ. ದಪ್ಪ ಕನ್ನಡಕದವನು, ಮನೆಗಳ್ಳತನದ ಮೇಲೆ ಬಂದವನು ಅಂತ ಹೇಳಿದ್ದೆನಲ್ಲ, ಅವನೇ. ಮೊನ್ನೆ ಆಡುವಾಗ ಅವನು ನನ್ನ ಕುದುರೆಯನ್ನು ಎತ್ತಿಕೊಂಡ. ನಾನು ಸುಮ್ಮನೆ, "ಅಯ್ಯೋ, ಕುದುರೆ ಹೋಗಿಬಿಡ್ತು" ಅಂದೆ. ಮೇಷ್ಟ್ರು ಹಿಂದೆಯೇ ನಿಂತಿದ್ದರು. "ಹೋಗಿಬಿಡ್ತು ಅನ್ಬೇಡ, ಕೊಟ್ಟೆ ಅನ್ನು" ಅಂದರು. ಸರಿ ಅಂತ ತಲೆಯಾಡಿಸಿದೆ. ಅವರು ಹೋಗಲಿಲ್ಲ. ಬಾಯಿಬಿಟ್ಟು ಹೇಳುವ ತನಕ ನಿಂತೇ ಇದ್ದರು. "ಕುದುರೆ ಕೊಟ್ಟೆ" ಅಂತ ಎಲ್ಲರ ಮುಂದೆ ಹೇಳಿದೆ. ಇಷ್ಟು ಸಣ್ಣ ಮಾತಿಗೆ ಕಿವಿ ಯಾಕೆ ಬಿಸಿಯಾಯಿತೋ ಗೊತ್ತಿಲ್ಲ.

ಬಿಡುಗಡೆ ಸಮಿತಿ ಬೇಸಿಗೆ ಮುಗಿದ ಮೇಲೆ ಕೂರುತ್ತದಂತೆ. ನನ್ನ ಹೆಸರು ಇದೆ ಅಂತ ಗುಮಾಸ್ತರು ಹೇಳಿದರು. ವಕೀಲರನ್ನು ಒಮ್ಮೆ ಕೇಳು.

ನಿನ್ನ ಉದ್ದ ತೋಳಿನ ತಮ್ಮ


ಜನವರಿ 27

ತಮ್ಮಾ,

ತೋಳು ಉದ್ದವಾಗಿದ್ದಲ್ಲ, ನೀನು ಇಳಿದುಹೋಗಿದ್ದೀಯ. ನಾನು ಹಿಡಿದದ್ದು ಹಳೆಯ ಅಳತೆ. ಊಟ ಸರಿಯಾಗಿ ಮಾಡು.

ಚೆಸ್ ಆಡು, ಒಳ್ಳೆಯದೇ. ಸಮಿತಿಯವರ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ನಿನ್ನೆ ವಕೀಲರ ಹತ್ತಿರ ಹೋಗಿ ಬಂದೆ. ಸಮಿತಿಯವರು ಕೇಳಿದಾಗ ಕೋರ್ಟಿನಲ್ಲಿ ಹೇಳಿದ್ದನ್ನೇ ಹೇಳಬೇಕು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ ಅಂದರು. ಪಕ್ಕದಂಗಡಿಯ ಬೀಗದವನು ಮೆಟ್ಟಿಲ ತುದಿಯಲ್ಲಿ ನಿಂತು ಅಕ್ಕನ ಮೇಲೆ ಕೈ ಎತ್ತಿದ, ತಡೆಯಲು ಹೋಗಿ ತಳ್ಳಿದೆ, ಅಲ್ಲಿಂದ ಕೆಳಗೆ ಬೀಳುತ್ತಾನೆ ಅಂತ ಅಂದುಕೊಂಡಿರಲಿಲ್ಲ, ಪಶ್ಚಾತ್ತಾಪವಾಗಿದೆ. ಅಷ್ಟೇ. ಕನ್ನಡಿ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿಕೋ. ಅಲ್ಲಿ ಕನ್ನಡಿ ಇದೆಯೋ ಇಲ್ಲವೋ.

ಬೀಗದವನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವನ ಕೀಲಿ ಕೊರೆಯುವ ಮಷಿನ್ನಿನ ಕಿರಿಕಿರಿಯಿಲ್ಲ, ಬಟ್ಟೆಗಳ ಮೇಲೆ ಕಬ್ಬಿಣದ ಪುಡಿ ಹಾರುವುದಿಲ್ಲ. ಅವತ್ತು ಜಗಳ ಶುರುವಾದದ್ದೇ ಅದಕ್ಕಲ್ಲವಾ. ಬಲಗೈ ಏಳುವುದಿಲ್ಲವಂತೆ, ಮನೆಯಲ್ಲೇ ಇರುತ್ತಾನಂತೆ. ನನಗೇನು.

ಅಂಗಡಿಗೆ ಬರುವ ಹೆಂಗಸರು ಈಗಲೂ ನಿನ್ನನ್ನು ಕೇಳುತ್ತಾರೆ. ಅಕ್ಕನಿಗೋಸ್ಕರ ಜೈಲಿಗೆ ಹೋದ ತಮ್ಮ ಅಂತ ಹೇಳಿ, ನನ್ನ ಮುಖ ನೋಡಿ, ಅಳತೆ ಕೊಡುವಾಗ ಕೈ ಹಿಡಿದುಕೊಳ್ಳುತ್ತಾರೆ. ಬೇಗ ಬಾ. ನಿನ್ನ ವೈರಿಂಗ್ ಸಾಮಾನಿನ ಪೆಟ್ಟಿಗೆಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿಟ್ಟಿದ್ದೇನೆ.

ನಿನ್ನ ಅಕ್ಕ


ಮಾರ್ಚ್ 2

ಅಕ್ಕ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ.

ಮೇಷ್ಟ್ರು ಈಗ ಹೊಸ ಕೆಲಸ ಹಚ್ಚಿದ್ದಾರೆ. ಆಟ ಮುಗಿದ ಮೇಲೆ ಕಾಯಿಗಳನ್ನು ಹಿಂದಕ್ಕೆ ನಡೆಸಬೇಕು. ಕೊನೆಯ ನಡೆಯಿಂದ ಶುರುಮಾಡಿ, ಒಂದೊಂದಾಗಿ, ಯಾವ ಕಾಯಿ ಯಾವ ಮನೆಯಿಂದ ಬಂತು ಅಂತ ನೆನಪಿಸಿಕೊಂಡು ಅಲ್ಲಿಗೇ ವಾಪಸ್ ಇಡಬೇಕು. ನಡುನಡುವೆ ಅವರು ತಡೆದು ಕೇಳುತ್ತಾರೆ, "ಇಲ್ಲಿ ಇನ್ನೇನು ಮಾಡಬಹುದಿತ್ತು?" ಮೊದಮೊದಲು ಏನೂ ತೋಚುತ್ತಿರಲಿಲ್ಲ. ಈಗ ತೋಚುತ್ತದೆ, ಅದೇ ತಲೆನೋವು. ಸೋಡಾ ಮಾತ್ರ ಹಿಂದಕ್ಕೆ ನಡೆಸುವಾಗಲೂ ಮೋಸ ಮಾಡುತ್ತಾನೆ. ಸತ್ತ ಸಿಪಾಯಿಯನ್ನು ಜೇಬಿನಿಂದ ತೆಗೆದು, "ಇದು ಇಲ್ಲೇ ಇತ್ತು" ಅಂತ ಇಟ್ಟುಬಿಡುತ್ತಾನೆ.

ಹೀಗೆ ಅಭ್ಯಾಸವಾಗಿ, ಮಲಗಿದರೂ ತಲೆಯಲ್ಲಿ ಅದೇ ನಡೆಯುತ್ತದೆ. ಹೋದ ವಾರ ಆ ದಿನವನ್ನೂ ಹಾಗೇ ಹಿಂದಕ್ಕೆ ನಡೆಸಿದೆ. ಬೀಗದವನು ಕೆಳಗೆ ಬಿದ್ದಿದ್ದಾನೆ. ಅದಕ್ಕೂ ಮುಂಚೆ ನನ್ನ ಎರಡೂ ಕೈ ಅವನ ಎದೆಯ ಮೇಲೆ. ಅದಕ್ಕೂ ಮುಂಚೆ ಅವನು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಹೋದ. ಹೋದನಲ್ಲ ಅಕ್ಕ? ಹಿಂದೆ ಮೆಟ್ಟಿಲು. ಆಗ ಅವನ ಬಲಗೈ ಮೇಲೆ ಹೋಯಿತು.

ಅಲ್ಲಿಗೆ ಬಂದು ನಿಂತುಬಿಡುತ್ತೇನೆ. ಆ ಕೈ ನಿನ್ನ ಕಡೆಗೆ ಇರಲಿಲ್ಲ ಅನಿಸುತ್ತದೆ. ನೀನು ಒಳಗೆ ಹೊಲಿಗೆ ಮಷಿನ್ನಿನ ಹತ್ತಿರ ಇದ್ದೆ. ಕೈ ಪಕ್ಕಕ್ಕೆ ಹೋಯಿತು, ಮೆಟ್ಟಿಲ ಪಕ್ಕದ ಕಂಬಿಯ ಕಡೆಗೆ, ಬೆರಳು ಬಿಡಿಸಿಕೊಂಡು. ಹೊಡೆಯುವವನು ಬೆರಳು ಹಾಗೆ ಬಿಡಿಸುತ್ತಾನಾ?

ನನಗೆ ಏನೂ ಅರ್ಥವಾಗುತ್ತಿಲ್ಲ. ನೀನು ನೋಡಿದವಳು. ಅವನ ಬಲಗೈ ಎಲ್ಲಿತ್ತು?

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ನಿನಗೆ ಬರುವ, ನಿನ್ನಿಂದ ಬರುವ ಪತ್ರವನ್ನು ನಮಗಿಂತ ಮೊದಲು ಓದುವವರು ಒಬ್ಬರಿದ್ದಾರೆ ಅನ್ನುವುದು ಮರೆತುಹೋಯಿತಾ? ಸಮಿತಿ ಹತ್ತಿರ ಬಂದಿರುವಾಗ ಇದೆಲ್ಲ ಯಾಕೆ?

ಕೈ ಎತ್ತಿದ. ನಾನು ನೋಡಿದೆ. ಕೋರ್ಟಿನಲ್ಲಿ ಹೇಳಿದ್ದೇನೆ.

ಆ ಮೇಷ್ಟ್ರು ಆಟ ಕಲಿಸಲು ಬರುತ್ತಾರೋ, ಇದ್ದಬದ್ದ ಹೊಲಿಗೆಯನ್ನೆಲ್ಲ ಬಿಚ್ಚಲು ಬರುತ್ತಾರೋ? ಬಿಚ್ಚುವುದು ಸುಲಭ. ಬಿಚ್ಚಿದ ಕಡೆ ಬಟ್ಟೆಯಲ್ಲಿ ಸಾಲಾಗಿ ತೂತು ಉಳಿಯುತ್ತದೆ, ಅದನ್ನು ನನ್ನನ್ನು ಕೇಳು. ಆಟ ಬಿಟ್ಟುಬಿಡು. ಬೆನ್ನು ಕಾಯಿಸಲು ಬೇರೆ ಬಿಸಿಲು ನೋಡಿಕೋ.

ಅಕ್ಕ


ಏಪ್ರಿಲ್ 6

ಅಕ್ಕ,

ನೀನು ಹೇಳಿದೆಯೆಂದು ಬಿಟ್ಟೆ. ಆಮೇಲೆ ಮತ್ತೆ ಹೋದೆ. ಬಿಟ್ಟರೂ ತಲೆಯೊಳಗೆ ಅದು ನಿಲ್ಲಲಿಲ್ಲ, ಹೋದರೆ ಕೈಗಾದರೂ ಕೆಲಸ ಇರುತ್ತದೆ.

ನಾನು ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ನನ್ನ ಪ್ರಶ್ನೆ ನನ್ನ ಬಗ್ಗೆಯೇ. ಅವನ ಕೈ ಕಂಬಿಗೆ ಹೋಗುತ್ತಿದೆ ಅಂತ ಆ ಕ್ಷಣದಲ್ಲಿ ನನಗೆ ಗೊತ್ತಿತ್ತಾ? ಗೊತ್ತಿದ್ದೂ ತಳ್ಳಿದೆನಾ? ಇಲ್ಲಾ, ಇಷ್ಟು ದಿನ ಕೂತು ಯೋಚಿಸಿ ಯೋಚಿಸಿ ಈಗ ಹೊಸದಾಗಿ ಕಟ್ಟಿಕೊಂಡೆನಾ? ಒಂದು ದಿನ ಹಾಗೆ ಕಾಣುತ್ತದೆ, ಇನ್ನೊಂದು ದಿನ ಹೀಗೆ. ಬೆಳಗ್ಗೆ ಎದ್ದಾಗ ನಾನು ಅಕ್ಕನನ್ನು ಕಾಪಾಡಿದವನು. ಸಂಜೆ ಹೊತ್ತಿಗೆ, ಬೀಳುತ್ತಿದ್ದವನನ್ನು ತಳ್ಳಿದವನು.

ಮೇಷ್ಟ್ರನ್ನು ಕೇಳಿದೆ. ವಿವರ ಹೇಳಲಿಲ್ಲ. ಹಿಂದಕ್ಕೆ ನಡೆಸುವಾಗ ಎರಡು ಬೇರೆ ಬೇರೆ ಆಟ ಕಂಡರೆ ಯಾವುದು ನಿಜ ಅಂತ ಹೇಗೆ ಗೊತ್ತಾಗುತ್ತದೆ ಅಂದೆ. ಅವರು ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದರು. "ನಂಗೆ ಚೆಸ್ ಅಷ್ಟೇ ಗೊತ್ತಪ್ಪ" ಅಂದರು. ದೊಡ್ಡ ಮಾತು ಹೇಳುತ್ತಾರೆ ಅಂತ ಕಾದಿದ್ದೆ, ಸಿಟ್ಟು ಬಂತು. ಹೋಗುವಾಗ ಬಾಗಿಲ ಹತ್ತಿರ ನಿಂತು, ಎದುರು ಕೂತು ಆಡಿದವನನ್ನ ಕೇಳಿದ್ದೀಯಾ ಅಂದರು.

ಸೋಡಾನನ್ನೂ ಕೇಳಿದೆ. ಚೆಸ್ಸಿನಿಂದ ಅವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಯಿತಂತೆ. ಮುಂದಿನ ಸಲ ಮನೆಗೆ ನುಗ್ಗುವ ಮುಂಚೆ ಹೊರಗೆ ಬರುವ ದಾರಿ ನೋಡಿಟ್ಟುಕೊಳ್ಳಬೇಕಂತೆ. ಈ ಆಟದಿಂದ ನಾವು ಸುಧಾರಿಸುತ್ತೇವೆ ಅಂತ ಮೇಲಿನವರು ನಂಬಿದ್ದಾರಲ್ಲ, ಅವರಿಗೆ ಇದನ್ನು ಯಾರು ಹೇಳುತ್ತಾರೆ?

ಸಿಟ್ಟಾಗಬೇಡ. ಬರೆ.

ನಿನ್ನ ತಮ್ಮ


ಮೇ 30

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಕಾಗದ ಎದುರಿಗಿಟ್ಟುಕೊಂಡು ಕೂರುತ್ತಿದ್ದೆ, ಆಮೇಲೆ ಅದರ ಮೇಲೆ ಗುಂಡಿಯ ಕಾಜಾ ಗುರುತು ಹಾಕಿ ಎಸೆಯುತ್ತಿದ್ದೆ. ಇವತ್ತು ಬರೆದುಬಿಡುತ್ತೇನೆ. ಮೊದಲು ಓದುವವರು ಓದಲಿ.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಮೊಬೈಲ್ ಕವರಿನ ಅಂಗಡಿಯವಳನ್ನು ಕರೆದು ಮೆಟ್ಟಿಲ ತುದಿಯಲ್ಲಿ, ಮೆಟ್ಟಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಬೆಳಕು ಹೇಗೆ ಬೀಳುತ್ತದೆ ನೋಡಬೇಕು ಅಂತ ಸುಳ್ಳು ಹೇಳಿದೆ. ನಾನು ಹೋಗಿ ಮಷಿನ್ನಿನಲ್ಲಿ ಕೂತೆ, ಆ ದಿನ ಕೂತಿದ್ದ ಹಾಗೆಯೇ. ಎಡಭುಜ ಮಾತ್ರ ಕಾಣುತ್ತದೆ ತಮ್ಮಾ. ಮಿಕ್ಕಿದ್ದಕ್ಕೆ ಬಾಗಿಲಿನ ಚೌಕಟ್ಟು ಅಡ್ಡ. ಅವಳಿಗೆ ಬಲಗೈ ಎತ್ತು ಅಂದೆ. ಎತ್ತಿದಳು. ನನಗೆ ಕಾಣಲಿಲ್ಲ.

ಆದರೆ ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಎತ್ತಿದ ಕೈ, ಬೆರಳ ಸಂದಿಯ ಗ್ರೀಸು, ಎಲ್ಲಾ. ಕಾಣದೇ ಇದ್ದದ್ದು ಇಷ್ಟು ಚೆನ್ನಾಗಿ ಹೇಗೆ ಕಾಣುತ್ತದೆ? ಆ ಸಂಜೆ ಆಸ್ಪತ್ರೆಯಲ್ಲಿ ಪೊಲೀಸಿನವರು, "ಕೈ ಎತ್ತಿದ್ನಾ?" ಅಂತ ಕೇಳಿದರು. ನಾನು "ಹೂಂ" ಅಂದೆ. ನಿನ್ನ ಕೈಗೆ ಬೇಡಿ ಹಾಕಿದ್ದರು, ನೀನು ನನ್ನನ್ನೇ ನೋಡುತ್ತಿದ್ದೆ. ಆ ಒಂದು ಹೂಂ ಹೇಳಿದ್ದು ನೆನಪಿದೆ. ಅದಕ್ಕೂ ಮುಂಚೆ ನಾನು ಏನು ನೋಡಿದ್ದೆ ಅನ್ನುವುದು ನೆನಪಿಲ್ಲ. ಆಮೇಲೆ ಎಷ್ಟು ಜನಕ್ಕೆ ಹೇಳಿದ್ದೇನೋ, ಹೇಳಿ ಹೇಳಿ ಅದೇ ಗಟ್ಟಿಯಾಗಿ ಕೂತುಬಿಟ್ಟಿದೆ.

ನಿಮ್ಮ ಮೇಷ್ಟ್ರು ಎದುರಿನವನನ್ನು ಕೇಳು ಅಂದರಲ್ಲ. ಹೋದೆ. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಅವನ ಮನೆ. ಬೈಸಿಕೊಂಡೇ ಬರುವುದು ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಹೆಂಡತಿ ಬಾಗಿಲು ತೆಗೆದಳು, ಗುರುತು ಹಿಡಿದಳು, ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಅವನು ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಪೇಪರಿನ ಪದಬಂಧ ತುಂಬುತ್ತಿದ್ದ. ಅಕ್ಷರಗಳು ಮಗು ಬರೆದ ಹಾಗೆ ಸೊಟ್ಟ. ನನ್ನನ್ನು ಕಂಡು ಏಳಲು ಹೋದ, ಆಗಲಿಲ್ಲ.

ನಾನು ಏನೂ ಕೇಳುವ ಮುಂಚೆ ಅವನೇ, ಅಲ್ಲ, ಅವರೇ ಹೇಳಿದರು. ಮಾತು ನಿಧಾನ, ತುಟಿ ಒಂದು ಕಡೆಗೆ ಎಳೆಯುತ್ತದೆ.

"ಕ್ಷಮಿಸಮ್ಮ. ನಂಗೆ ಆ ದಿನ ನೆನಪೇ ಇಲ್ಲ. ಹಿಂದಿನ ದಿನ ಮಲಗಿದ್ದು ಗೊತ್ತು, ಆಮೇಲೆ ಆಸ್ಪತ್ರೆ. ಮಧ್ಯದ್ದೆಲ್ಲ ನೀವು ಕೋರ್ಟಲ್ಲಿ ಹೇಳಿದ್ದನ್ನ ಕೇಳಿ ತಿಳ್ಕೊಂಡಿದ್ದು. ಹೆಂಗಸರ ಮೇಲೆ ಕೈ ಮಾಡೋನಲ್ಲ ನಾನು ಅನ್ಕೊಂಡಿದ್ದೆ. ಮಾಡಿದೀನಿ. ತಪ್ಪಾಯ್ತು."

ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ. ಮಗಳು ನರ್ಸಿಂಗ್ ಓದುತ್ತಿದ್ದಾಳಂತೆ, ಬೇರೆ ಊರಿನಲ್ಲಿ. ತೀರ್ಪು ಬಂದ ದಿನದಿಂದ ಅಪ್ಪನ ಹತ್ತಿರ ಮಾತಾಡಿಲ್ಲವಂತೆ. ಇದನ್ನೂ ಅವರು ದೂರಿನ ಹಾಗೆ ಹೇಳಲಿಲ್ಲ, ಅವಳು ಮಾಡಿದ್ದು ಸರಿಯೇ ಅನ್ನುವ ಹಾಗೆ ಹೇಳಿದರು.

ನನಗೆ ಕಂಡಿರಲಿಲ್ಲ ಅನ್ನುವುದನ್ನು ಹೇಳಲಿಲ್ಲ. ಅವರು ಕೊಡಿಸಿದ ಚಹಾ ಕುಡಿದು, ಬರ್ತೀನಿ ಅಂತ ಹೇಳಿ ಬಂದುಬಿಟ್ಟೆ. ದಾರಿಯಲ್ಲಿ ಬಸ್ಸಿನ ನಂಬರ್ ನೋಡದೆ ಹತ್ತಿ ಎಲ್ಲಿಗೋ ಹೋಗಿ ಇಳಿದೆ.

ಏನು ಮಾಡಲಿ ಹೇಳು. ನಿನ್ನನ್ನು ಕೇಳುವುದು ಸರಿಯಲ್ಲ, ಆದರೂ ಕೇಳುತ್ತಿದ್ದೇನೆ.

ಅಕ್ಕ


ಜೂನ್ 5

ಅಕ್ಕ,

ನಿನ್ನ ಪತ್ರ ಓದಿ ಊಟದ ಸಾಲಿನಲ್ಲಿ ನಿಂತಿದ್ದವನು ತಟ್ಟೆ ಅಲ್ಲೇ ಬಿಟ್ಟು ಬಂದೆ.

ಅವರ ಕೈ ಹೋಯಿತು ಅಂತ ನನಗೆ ಗೊತ್ತಿತ್ತು. ಅದಕ್ಕಾಗಿಯೇ ಇಲ್ಲಿದ್ದೇನೆ, ಅದನ್ನು ತೀರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಇದು ಗೊತ್ತಿರಲಿಲ್ಲ. ಅವರನ್ನು ಕೆಳಗೆ ತಳ್ಳಿದ್ದು ಸಾಲದು ಅಂತ, ಅವರು ತಮ್ಮನ್ನು ತಾವೇ ಕೆಟ್ಟವರು ಅಂತ ನಂಬುವ ಹಾಗೆ ಮಾಡಿದ್ದೇವೆ. ಮಾಡಿದ್ದೇವೆ ಅಂತ ಬರೆದೆ, ಆಗಿಹೋಯಿತು ಅಂತ ಬರೆಯಲಿಲ್ಲ, ನೋಡು.

ಹೋಗಿ ಹೇಳಿಬಿಡು ಅನ್ನುತ್ತದೆ ಒಂದು ಮನಸ್ಸು. ಸುಳ್ಳು ಸಾಕ್ಷಿ ಅಂತ ನಿನ್ನನ್ನೂ ಇಂಥದೇ ಕಡೆಗೆ ತಂದು ಹಾಕಿದರೆ? ಹೆಂಗಸರ ಜೈಲಿನ ಗೋಡೆ ನಮ್ಮ ಅಂಗಳದಿಂದ ಕಾಣುತ್ತದೆ, ಇವತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಹೇಳಬೇಡ ಅನ್ನುತ್ತದೆ ಇನ್ನೊಂದು ಮನಸ್ಸು. ಅಷ್ಟಕ್ಕೂ ಕೈ ಕಂಬಿಗೇ ಹೋಗುತ್ತಿತ್ತು ಅಂತ ನನಗೇ ಖಾತ್ರಿಯಿಲ್ಲ. ಖಾತ್ರಿಯಿಲ್ಲದ್ದನ್ನು ಹೇಳುವುದು ಹೇಗೆ? ಆದರೆ ಅವತ್ತು ಹೇಳಿದ್ದೂ ಖಾತ್ರಿಯಿಲ್ಲದ್ದೇ ಅಲ್ಲವಾ.

ಸಮಿತಿಯ ಮುಂದೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ನೀನು ನಿನಗೆ ತೋಚಿದ್ದು ಮಾಡು. ನಿನಗೆ ಹೀಗೆ ಮಾಡು ಅಂತ ಹೇಳುವ ಯೋಗ್ಯತೆ ನನಗಿಲ್ಲ.

ತಮ್ಮ


ಜೂನ್ 21

ತಮ್ಮಾ,

ಹೇಳಿದೆ.

ನಿನ್ನೆ ಬೆಳಗ್ಗೆ ಅಂಗಡಿ ತೆಗೆಯದೆ ನೇರ ಅಲ್ಲಿಗೇ ಹೋದೆ. ಹೆಂಡತಿಯನ್ನೂ ಕರೆದು ಕೂರಿಸಿದೆ. "ನಾನು ನೋಡಿಲ್ಲ. ನಿಮ್ಮ ಎಡಭುಜ ಬಿಟ್ಟು ನಂಗೇನೂ ಕಂಡಿರ್ಲಿಲ್ಲ. ಕೈ ಎತ್ತಿದ್ರು ಅಂತ ಹೇಳಿಬಿಟ್ಟೆ" ಅಂದೆ. ನೀನು ಬರೆದದ್ದನ್ನೂ ಹೇಳಿದೆ, ಕಂಬಿ ಹಿಡಿದುಕೊಳ್ಳಲು ಹೋಗುತ್ತಿದ್ದಿರಬಹುದು ಅಂತ. ಇರಬಹುದು ಅಂತಲೇ ಹೇಳಿದೆ. ಜಾಸ್ತಿ ಹೇಳಲಿಲ್ಲ.

ಅವರು ಸಿಟ್ಟಾಗಲಿಲ್ಲ. ಅರ್ಥವಾಗದವರ ಹಾಗೆ ನೋಡುತ್ತಿದ್ದರು. ಹೆಂಡತಿ ಎದ್ದು ನಿಂತು, ನನ್ನನ್ನಲ್ಲ, ಗಂಡನನ್ನು ನೋಡಿ ಹೇಳಿದಳು. "ಇಷ್ಟು ದಿನ ನಾನು ನಿಮ್ಮ ಮುಖ ನೋಡಿ ಊಟ ಬಡಿಸ್ಲಿಲ್ಲ." ಅಷ್ಟು ಹೇಳಿ ಗೋಡೆಗೆ ಒರಗಿಕೊಂಡಳು. ನನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಆಮೇಲೆ ಮಗಳಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಅವಳಿಗೂ ಹೇಳಿದೆ. ನೀವು ಅವತ್ತು ಹೇಳಿದ್ದು ನಿಜವೋ ಇವತ್ತು ಹೇಳುತ್ತಿರುವುದೋ ಅಂತ ಕೇಳಿದಳು. ಎಡಭುಜ ಕಂಡಿತ್ತು, ಅದೊಂದು ನಿಜ, ಮಿಕ್ಕಿದ್ದು ನನಗೂ ಗೊತ್ತಿಲ್ಲ ಅಂದೆ. ಫೋನ್ ಇಟ್ಟುಬಿಟ್ಟಳು. ನಾನು ಒಳ್ಳೆಯದು ಮಾಡಿದೆನೋ, ಇರುವ ಗೋಜಲಿಗೆ ಇನ್ನೊಂದು ಗಂಟು ಹಾಕಿದೆನೋ, ದೇವರಿಗೇ ಗೊತ್ತು.

ವಕೀಲರಿಗೂ ತಿಳಿಸಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಮ್ಮಿಬ್ಬರ ತಲೆ ಸರಿಯಿದೆಯಾ ಅಂದರು. ಹೇಳಿಕೆ ಬರೆದುಕೊಳ್ಳಿ ಅಂದೆ. ಬರೆದುಕೊಂಡರು. ಕೇಸ್ ಆಗಲೂಬಹುದು, ಆಗದೇ ಇರಲೂಬಹುದು. ಬಂದರೆ ಬರಲಿ. ಅಂಗಡಿಗೆ ಬರುವ ಹೆಂಗಸರು ಇನ್ನು ನನ್ನ ಕೈ ಹಿಡಿದುಕೊಳ್ಳುವುದಿಲ್ಲ, ಅದೊಂದು ಬೇಜಾರು. ನಿನ್ನ ಹತ್ತಿರ ಮುಚ್ಚಿಡುವುದೇನು.

ನೀನು ಧೈರ್ಯವಾಗಿರು.

ನಿನ್ನ ಅಕ್ಕ


ಜುಲೈ 18

ಅಕ್ಕ,

ಸಮಿತಿ ಮುಗಿಯಿತು. ಉದ್ದ ಮೇಜಿನ ಆಚೆ ಒಬ್ಬರು ಮೇಡಂ, ಇಬ್ಬರು ಸಾಹೇಬರು. ಅಭ್ಯಾಸ ಮಾಡಿದ್ದನ್ನು ಹೇಳಲು ಬಾಯಿ ತೆಗೆದೆ, ಬರಲಿಲ್ಲ. ಬೀಗದಂಗಡಿಯವರು ಕೈ ಎತ್ತಿದ್ದು ಹೊಡೆಯಲಿಕ್ಕೆ ಅಂತ ನನಗೆ ಈಗ ಅನಿಸುತ್ತಿಲ್ಲ, ಬೀಳದಿರಲು ಅಂತ ಅನಿಸುತ್ತದೆ, ಆಗ ಗೊತ್ತಿತ್ತೋ ಇಲ್ಲವೋ ಹೇಳಲಾರೆ, ತಳ್ಳಿದ್ದು ಮಾತ್ರ ನಾನು ಅಂದೆ. ಮೇಡಂ ಮುಖ ಗಂಟಿಕ್ಕಿದರು.

"ಅಂದ್ರೆ, ನಿನಗೆ ಬಿಡುಗಡೆ ಬೇಡ್ವಾ?"

"ಬೇಕು" ಅಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಅರ್ಜಿಯನ್ನು ಮುಂದಿನ ಸಲಕ್ಕೆ ಹಾಕಿದ್ದಾರೆ. ಸೋಡಾನ ಹೆಸರು ಪಾಸಾಗಿದೆ. ಚೆಸ್ಸಿನಿಂದ ತಾನು ಹೊಸ ಮನುಷ್ಯನಾದೆ ಅಂತ ಕಣ್ಣೀರು ಹಾಕಿ ಹೇಳಿದನಂತೆ. ಬ್ಯಾರಕ್ಕಿಗೆ ಬಂದು ನನ್ನ ಬೆನ್ನು ತಟ್ಟಿ, ನಿನ್ನಂಥ ಪೆದ್ದನನ್ನು ನೋಡಿಲ್ಲ ಅಂದ. ಅವನು ಹೇಳಿದ್ದೂ ಪೂರ್ತಿ ಸುಳ್ಳಲ್ಲವೇನೋ. ಹೊರಡುವ ದಿನ ಜೇಬಿನಲ್ಲಿದ್ದ ಸಿಪಾಯಿಯನ್ನು ಡಬ್ಬಿಗೆ ವಾಪಸ್ ಹಾಕಿ ಹೋದ.

ಮೇಷ್ಟ್ರಿಗೆ ಈ ಸಲ ಎಲ್ಲಾ ಹೇಳಿದೆ. ನಾನು ಸರಿ ಮಾಡಿದೆನಾ ಅಂತ ಕೇಳಿದೆ. "ನಿನ್ನ ನಡೆ ಮುಗೀತು. ಈಗ ಅವರ ಸರದಿ, ಕೈ ಕಟ್ಕೊಂಡು ಕೂತ್ಕೋ" ಅಂದರು. ಕೂತೆ. ಕೂರುವುದು ಆಡುವುದಕ್ಕಿಂತ ಕಷ್ಟ.

ನಿನ್ನೆ ನನ್ನನ್ನು ನೋಡಲು ಯಾರೋ ಬಂದಿದ್ದಾರೆ ಅಂದರು. ನೀನೇ ಅಂದುಕೊಂಡು ಓಡಿದೆ. ಭೇಟಿ ಕೋಣೆಯ ಬಲೆಯ ಆಚೆ ಬೀಗದಂಗಡಿಯವರು ಕೂತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗಿ, ಅವರ ಮೊಣಕೈ ಹಿಡಿದುಕೊಂಡು. ಮಗಳಂತೆ. ಅವಳು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ಆದರೆ ಅಪ್ಪನ ಮೊಣಕೈ ಬಿಡಲೂ ಇಲ್ಲ. ತಪ್ಪಾಯ್ತು ಅಂದೆ.

ಅವರು ಎಡಗೈ ಅಲ್ಲಾಡಿಸಿದರು, ಅದಿರಲಿ ಅನ್ನುವ ಹಾಗೆ. ಬಂದದ್ದು ಅದಕ್ಕಲ್ಲವಂತೆ. "ಆ ದಿನ ನನ್ ಹತ್ರ ಇಲ್ಲ. ನಿನ್ ಹತ್ರ ಇದೆ. ಬೆಳಗ್ಗೆಯಿಂದ ಹೇಳು" ಅಂದರು.

ಎಲ್ಲಿಂದ ಶುರು ಮಾಡಲಿ ಅಂತ ತಿಳಿಯಲಿಲ್ಲ ಅಕ್ಕ. ಇಷ್ಟು ತಿಂಗಳಿಂದ ಕೊನೆಯಿಂದ ಹಿಂದಕ್ಕೆ ನಡೆದು ನಡೆದು, ಆ ಮೆಟ್ಟಿಲಿನಿಂದ ಆಚೆಗೆ ಹೋಗಿರಲೇ ಇಲ್ಲ. ಆ ಬೆಳಗ್ಗೆ ನಿನ್ನ ಅಂಗಡಿಯ ಟ್ಯೂಬ್‌ಲೈಟ್ ಬದಲಿಸಲು ಬಂದಿದ್ದೆನಲ್ಲ, ಸ್ಟೂಲ್ ಮೇಲೆ ನಿಂತಿದ್ದಾಗ ಅವರು ಬಂದು ಪಕ್ಕದ ಶಟರ್ ಎತ್ತಿದ್ದು ನೆನಪಾಯಿತು.

"ನೀವು ಅಂಗಡಿ ತೆಗೀತಾ ಶಿಳ್ಳೆ ಹಾಕ್ತಿದ್ರಿ" ಅಂದೆ.

"ನಾನಾ?" ಅಂದರು.

ಹೂಂ ಅಂದೆ. ಅವರು ಮಗಳ ಕಡೆ ತಿರುಗಿದರು. ಅವಳು ಬೆಂಚಿನ ಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದು ಕೂತಳು. ನಾನು ಮುಂದೆ ಹೇಳಿದೆ.

ನಿನ್ನ ತಮ್ಮ